4 ಜಿಬಿ ಸಿಸ್ಟಮ್ ಮೇಲೆ ಲಗ್ನಪತ್ರಿಕೆ ಸೀಸನ್

ದಾವಣಗೆರೆ ಜಯದೇವ ಸರ್ಕಲ್ ಹತ್ತಿರ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಒಂದು ಜೆರಾಕ್ಸ್ ಮಷಿನ್, ಎರಡು ಸಿಸ್ಟಮ್. ಹಳೇ ಸಿಸ್ಟಮ್‌ಗೆ ಇರೋದು 4 ಜಿಬಿ ರ್‍ಯಾಮ್, ತಿರುಗುವ ಹಾರ್ಡ್‌ಡಿಸ್ಕ್, ವಿಂಡೋಸ್ 10. ಮದುವೆ ಸೀಸನ್ ಬಂತು ಅಂದರೆ ಅದಕ್ಕೆ ಜ್ವರ. ಹೋದ ಸಲ ಪತ್ರಿಕೆ ತಲೆಗೆ 'ಶ್ರೀ' ಅಂತ ಒತ್ತಿ ಕಾಯ್ತಾ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಮದುಮಗನ ಅಪ್ಪ, "ಯಾಕ್ರಿ ಅಣ್ಣಾ, ಕರೆಂಟ್ ಹೋತೇನ್ರಿ?" ಅಂದರು.

ಸೆಟ್ಟಿಂಗ್ ಮುಟ್ಟುವ ಮೊದಲು ಮೆಮೊರಿಯಲ್ಲಿ (ರ್‍ಯಾಮ್) ಜಾಗ ತಿಂತಿರೋದು ಯಾರು ಅಂತ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಣ್ಣದಾಗಿ ಕಂಡರೆ ಕೆಳಗಿನ 'ಮೋರ್ ಡಿಟೇಲ್ಸ್' ಒತ್ತಿ. 'ಮೆಮೊರಿ' ಅನ್ನೋ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ತಿನ್ನೋರು ಮೇಲೆ ಬರ್ತಾರೆ. ನನ್ನಲ್ಲಿ ಮೇಲೆ ಕೂತಿದ್ದು ಕ್ರೋಮ್. ಬೆಳಿಗ್ಗೆಯಿಂದ ಯಾರ್‍ಯಾರಿಗೋ ತೆಗೆದುಕೊಟ್ಟ ಪಹಣಿ, ರಿಸಲ್ಟ್, ಅರ್ಜಿ, ಎಲ್ಲ ಟ್ಯಾಬ್ ಹಾಗೇ ಬಿಟ್ಟಿದ್ದೆ. ಮುಚ್ಚಿದೆ. ಕ್ರೋಮ್ ಸೆಟ್ಟಿಂಗ್ಸ್‌ನ 'ಪರ್ಫಾರ್ಮೆನ್ಸ್' ಒಳಗೆ 'ಮೆಮೊರಿ ಸೇವರ್' ಇದೆ, ಅದನ್ನೂ ಆನ್ ಮಾಡಿದೆ. ಆಮೇಲೆ ಟಾಸ್ಕ್ ಮ್ಯಾನೇಜರ್‌ನ 'ಸ್ಟಾರ್ಟಪ್' ನೋಡಿ. ಸಿಸ್ಟಮ್ ಆನ್ ಆಗ್ತಿದ್ದ ಹಾಗೆ ಕರೆಯದೇ ಬಂದು ಕೂರೋರ ಪಟ್ಟಿ ಅಲ್ಲಿರುತ್ತದೆ. ಬೇಡದವನ್ನು 'ಡಿಸೇಬಲ್' ಮಾಡಿ. ಆಂಟಿವೈರಸ್ ಮಾತ್ರ ಮುಟ್ಟಬೇಡಿ.

ಈಗ ಪೇಜ್ ಫೈಲ್ ವಿಷಯ. ನನ್ನ ಕಟಿಂಗ್ ಟೇಬಲ್ ಮೇಲೆ ಮೂರು ಬಂಡಲ್ ಕಾರ್ಡ್ ಹಿಡಿಯುತ್ತವೆ. ನಾಲ್ಕನೇದು ಬಂದರೆ ಒಂದನ್ನು ಅಟ್ಟಕ್ಕೆ ಹಾಕಬೇಕು. ಬೇಕಾದಾಗ ಏಣಿ ಹತ್ತಿ ಇಳಿಸಬೇಕು. ಟೇಬಲ್ ರ್‍ಯಾಮ್, ಅಟ್ಟ ಹಾರ್ಡ್‌ಡಿಸ್ಕ್ ಮೇಲಿನ ಪೇಜ್ ಫೈಲ್. ಸಿಪಿಯು ಡಬ್ಬದ ಕೆಂಪು ಲೈಟ್ ಆರದೇ ಉರಿಯುತ್ತಾ, ಒಳಗೆ ಕರಕರ ಸದ್ದು ಬರುತ್ತಾ, ಮೌಸ್ ಬಾಣ ಉಂಗುರ ಆಗಿ ಸುತ್ತುತ್ತಿದ್ದರೆ ಹೆಚ್ಚಾಗಿ ಈ ಏಣಿ ಹತ್ತೋ ಕೆಲಸವೇ ನಡೀತಿರುತ್ತದೆ.

ಅಟ್ಟದ ಅಳತೆಯನ್ನು ವಿಂಡೋಸ್ ತಾನೇ ಹಿಗ್ಗಿಸಿ ಕುಗ್ಗಿಸಿ ನೋಡಿಕೊಳ್ಳುತ್ತದೆ. ಬಹಳ ಜನಕ್ಕೆ ಅದೇ ಸಾಕು. ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಕೆಲಸದ ಮಧ್ಯೆ ಹಿಗ್ಗಿಸೋಕೆ ಹೋದಾಗ ತಡವರಿಸಬಹುದು ಅಂತ ನಾನು ಶುರುವಿನಲ್ಲೇ ದೊಡ್ಡ ಅಳತೆ ಕೊಟ್ಟು, ಮೇಲಿನ ಮಿತಿಯನ್ನೂ ಗೊತ್ತು ಮಾಡಿದೆ. ಸ್ಟಾರ್ಟ್‌ನಲ್ಲಿ 'ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ಹುಡುಕಿ. 'ಪರ್ಫಾರ್ಮೆನ್ಸ್' ಕೆಳಗಿನ 'ಸೆಟ್ಟಿಂಗ್ಸ್' ಒತ್ತಿ, 'ಅಡ್ವಾನ್ಸ್ಡ್' ಟ್ಯಾಬ್‌ಗೆ ಹೋಗಿ, 'ವರ್ಚುವಲ್ ಮೆಮೊರಿ' ಹತ್ತಿರದ 'ಚೇಂಜ್' ಒತ್ತಿ. ಎಲ್ಲಕ್ಕಿಂತ ಮೇಲಿರುವ 'ಆಟೋಮ್ಯಾಟಿಕಲಿ ಮ್ಯಾನೇಜ್' ಟಿಕ್ ತೆಗೆಯಿರಿ. ಸಿ ಡ್ರೈವ್ ಆರಿಸಿ, 'ಕಸ್ಟಮ್ ಸೈಜ್'ನಲ್ಲಿ ಇನಿಷಿಯಲ್ 4096, ಮ್ಯಾಕ್ಸಿಮಮ್ 8192 ಅಂತ ಹೊಡೆಯಿರಿ. ಲೆಕ್ಕ ಎಂಬಿಯಲ್ಲಿ, ಅಂದರೆ 4 ಜಿಬಿ, 8 ಜಿಬಿ. ಸಿ ಡ್ರೈವ್‌ನಲ್ಲಿ ಅಷ್ಟು ಜಾಗ ಖಾಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲೇ ಎಲ್ಲರೂ ಎಡವೋದು: ಪಕ್ಕದ 'ಸೆಟ್' ಬಟನ್ ಒತ್ತದೇ ನೇರ 'ಓಕೆ' ಒತ್ತುತ್ತಾರೆ. ಹೊಡೆದ ನಂಬರ್ ಹಾರಿಹೋಗುತ್ತದೆ. ನಾನೂ ಎರಡು ಸಲ ಹಾಗೇ ಮಾಡಿ ವಿಂಡೋಸ್‌ಗೆ ಬೈದೆ. 'ಸೆಟ್', ಆಮೇಲೆ 'ಓಕೆ', ಆಮೇಲೆ ರೀಸ್ಟಾರ್ಟ್.

ಅದೇ ಕಿಟಕಿಯಲ್ಲಿ 'ನೋ ಪೇಜಿಂಗ್ ಫೈಲ್' ಅಂತ ಇದೆ. ಅಟ್ಟವೇ ಇಲ್ಲದಿದ್ದರೆ ಏಣಿ ಹತ್ತೋ ಗೋಳೂ ಇಲ್ಲ, ಅಲ್ವಾ? ಒಂದು ವಿಡಿಯೋ ನೋಡಿ ನಾನೂ ಹಾಗೇ ಅಂದುಕೊಂಡು ಅದನ್ನೇ ಹಾಕಿದ್ದೆ. ಮಧ್ಯಾಹ್ನದವರೆಗೆ ಚೆನ್ನಾಗೇ ಓಡಿತು. ಆಮೇಲೆ ದೊಡ್ಡ ಫೋಟೋ ಫೈಲ್ ಒಂದು ತೆರೆದೆ. ಇಡೋಕೆ ಜಾಗ ಇಲ್ಲದೇ ಡಿಸೈನ್ ಸಾಫ್ಟ್‌ವೇರ್ ಪಟ್ ಅಂತ ಮುಚ್ಚಿಕೊಂಡಿತು. ಸೇವ್ ಮಾಡದ ಪತ್ರಿಕೆ ಹೋಯ್ತು. ಸುಖಾಗಮನ ಬಯಸುವವರ ಹೆಸರೇ ಮೂವತ್ತಿದ್ದವು, ಎಲ್ಲ ಮತ್ತೆ ಹೊಡೆದೆ.

ಪೇಜ್ ಫೈಲನ್ನು ಡಿ ಡ್ರೈವ್‌ಗೆ ಹಾಕಿದರೆ ವೇಗ ಅನ್ನೋರೂ ಇದ್ದಾರೆ. ನಿಮ್ಮ ಡಿ ಡ್ರೈವ್ ಬೇರೆ ಡಿಸ್ಕ್ ಆಗಿದ್ದರೆ ಸರಿ. ಒಂದೇ ಡಿಸ್ಕನ್ನು ಎರಡು ಭಾಗ ಮಾಡಿದ್ದರೆ ಸುಮ್ನೆ ಕೆಲಸ. ಡಿಸ್ಕ್ ಓದೋ ಒಂದೇ ಮುಳ್ಳು ಇನ್ನೂ ದೂರ ಓಡಾಡಬೇಕು, ಅಷ್ಟೇ. ಹಾಗೇ ವಿಂಡೋಸ್ ಶುರುವಾಗೋ ರೀತಿ ಹೊಂದಿಸೋ ಎಂಎಸ್ ಕಾನ್ಫಿಗ್‌ನಲ್ಲಿ 'ಮ್ಯಾಕ್ಸಿಮಮ್ ಮೆಮೊರಿ' ಟಿಕ್ ಮಾಡಿ ಅಂತಾರೆ. ಅದು ಮೆಮೊರಿ ಹೆಚ್ಚಿಸೋದಲ್ಲ, ಇದಕ್ಕಿಂತ ಜಾಸ್ತಿ ಬಳಸಬೇಡ ಅಂತ ಬೇಲಿ ಹಾಕೋದು. ಟಿಕ್ ಇದ್ದರೆ ತೆಗೆಯಿರಿ.

ಇಷ್ಟೆಲ್ಲ ಮಾಡಿದ ಮೇಲೆ ನನ್ನ ಸಿಸ್ಟಮ್ ಓಟದ ಕುದುರೆಯೇನೂ ಆಗಲಿಲ್ಲ. 'ಶ್ರೀ' ಒತ್ತಿದ ತಕ್ಷಣ 'ಶ್ರೀ' ಬಂತು, ಅಷ್ಟು ಸಾಕಾಗಿತ್ತು. ಅದರಲ್ಲೂ ಮುಕ್ಕಾಲು ಪಾಲು ಟ್ಯಾಬ್ ಮುಚ್ಚಿದ್ದರ ಫಲ.

ಕೊನೆಗೆ ಇನ್ನೊಂದು 4 ಜಿಬಿ ರ್‍ಯಾಮ್ ಹಾಕಿಸಿದೆ. ಟಾಸ್ಕ್ ಮ್ಯಾನೇಜರ್‌ನ 'ಪರ್ಫಾರ್ಮೆನ್ಸ್'ನಲ್ಲಿ 'ಮೆಮೊರಿ' ಒತ್ತಿದರೆ ರ್‍ಯಾಮ್ ಕೂರಿಸೋ ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಅಂತ ತೋರಿಸುತ್ತದೆ, ಉಳಿದದ್ದು ಖಾಲಿ. ತರೋಕೆ ಹೋಗುವಾಗ ಹಳೇದನ್ನೂ ಬಿಚ್ಚಿ ಒಯ್ಯಿರಿ. ಡಿಡಿಆರ್3, ಡಿಡಿಆರ್4 ಅಂತ ಬೇರೆ ಬೇರೆ ತಲೆಮಾರಿನ ರ್‍ಯಾಮ್ ಇರುತ್ತವೆ. ಡಿಡಿಆರ್3 ಸ್ಲಾಟ್‌ಗೆ ಡಿಡಿಆರ್4 ಕೂರಲ್ಲ, ಕಚ್ಚು ಇರುವ ಜಾಗವೇ ಬೇರೆ. ಹಾಕಿದ ಮೇಲೆ ಪರದೆ ಕಪ್ಪಾಗೇ ಇದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ರ್‍ಯಾಮ್ ಹೊರಗೆ ತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಎರಡೂ ಕಡೆ ಟಕ್ ಅನ್ನೋವರೆಗೆ ಒತ್ತಿ. ಉಜ್ಜುವಾಗ ಸ್ವಲ್ಪ ದೂರ ಹಿಡಿಯಿರಿ, ರಬ್ಬರ್ ಪುಡಿ ಸ್ಲಾಟ್ ಒಳಗೆ ಬೀಳಬಾರದು.