ಪಾದದ ಅಚ್ಚಿಗೆ ಹೊಂದುವ ಕಾಲುಚೀಲ: ಹಿಮ್ಮಡಿಯನ್ನು ಕೊನೆಗೆ ಹೆಣೆಯುವ ಕ್ರಮ

ಶಿರಸಿಯ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಬೆಳಗಿನ ಇಬ್ಬನಿಯೂ ದಟ್ಟವಾಗಿರುತ್ತದೆ. ಕೆಂಪು ಸಿಮೆಂಟಿನ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುವುದು ಮನೆಯ ಹಿರಿಯರಿಗೆ ಕಷ್ಟ. ಅಂಗಡಿಯ ಕಾಲುಚೀಲ ತಂದುಕೊಟ್ಟರೆ ಅದರ ಎಲಾಸ್ಟಿಕ್ ಕಾಲಿನ ಮೇಲೆ ಬರೆ ಮೂಡಿಸುತ್ತದೆ, ಹಿಮ್ಮಡಿ ಜಾರುತ್ತದೆ, ಕಿರುಬೆರಳಿನ ಬದಿಯಲ್ಲಿ ಬಟ್ಟೆ ಮುದ್ದೆಯಾಗುತ್ತದೆ. ನಮ್ಮ ಆಯಿಯ ಎಡಪಾದ ಬಲಪಾದಕ್ಕಿಂತ ಅರ್ಧ ಸೆಂಟಿಮೀಟರ್ ಉದ್ದವಿದೆ ಎಂಬುದು ನನಗೆ ತಿಳಿದದ್ದೇ ಕಾಲುಚೀಲ ಹೆಣೆಯಲೆಂದು ಅಳತೆ ತೆಗೆದ ದಿನ. ಎರಡು ಪಾದಗಳೇ ಒಂದರಂತೆ ಒಂದಿಲ್ಲದಿರುವಾಗ ಅಳತೆ ಪಾದದಿಂದಲೇ ಹೊರಡಬೇಕು.

ಅಳತೆಯನ್ನು ಸಂಜೆ ತೆಗೆಯುವುದು ಒಳ್ಳೆಯದು, ಏಕೆಂದರೆ ದಿನವಿಡೀ ಓಡಾಡಿದ ಪಾದ ಸ್ವಲ್ಪ ಉಬ್ಬಿರುತ್ತದೆ. ನೆನೆಸಿ, ಭಾರವಿಟ್ಟು ಚಪ್ಪಟೆಯಾಗಿ ಒಣಗಿಸಿದ ಅಡಿಕೆ ಹಾಳೆಯ ಮೇಲೆ ಪಾದವನ್ನು ಪೂರ್ಣ ಭಾರ ಹಾಕಿ ಊರಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆದು ಕತ್ತರಿಸಬೇಕು. ಅಂಚನ್ನು ಮರಳು ಕಾಗದದಿಂದ ಉಜ್ಜಿದರೆ ನೂಲಿಗೆ ಸಿಕ್ಕಿಕೊಳ್ಳುವುದಿಲ್ಲ. ಹಾಳೆ ಇಲ್ಲದವರು ರಟ್ಟನ್ನು ಬಳಸಬಹುದು. ಹೆಣೆಯುತ್ತಿರುವ ಚೀಲದೊಳಗೆ ಮತ್ತೆ ಮತ್ತೆ ತೂರಿಸಿ ನೋಡಲು ಹಾಳೆಯ ನುಣುಪೇ ಹೆಚ್ಚು ಅನುಕೂಲವೆಂಬುದು ನನ್ನ ಅನುಭವ. ಬೆರಳುಗಳ ಬುಡದಲ್ಲಿ ಪಾದದ ಸುತ್ತಳತೆಯನ್ನೂ ಪಾದದ ಉದ್ದವನ್ನೂ ಅಚ್ಚಿನ ಮೇಲೆಯೇ ಬರೆದಿಡಿ.

ನೂಲು 75 ಭಾಗ ಉಣ್ಣೆ, 25 ಭಾಗ ನೈಲಾನ್ ಇರುವ ತೆಳುವಾದದ್ದಾಗಿರಲಿ; 100 ಗ್ರಾಂನಲ್ಲಿ ಸುಮಾರು 400 ಮೀಟರ್ ಬರುವ ನೂಲು ಒಂದು ಜೊತೆಗೆ ಸಾಕು. ಬರೀ ಅಕ್ರಿಲಿಕ್ ನೂಲು ಬೆವರು ಹೀರುವುದಿಲ್ಲ. ಕಡ್ಡಿ 2.25 ಅಥವಾ 2.5 ಮಿ.ಮೀ. ಇರಲಿ. ಎರಡೂ ತುದಿ ಚೂಪಾದ ಐದು ಕಡ್ಡಿಗಳಾಗಲಿ, ಉದ್ದ ತಂತಿಯ ಸರ್ಕ್ಯುಲರ್ ಕಡ್ಡಿಯಾಗಲಿ ನಡೆಯುತ್ತದೆ. ಮೊದಲು ಒಂದು ಮಾದರಿ ತುಂಡನ್ನು ಸುತ್ತಾಗಿ ಹೆಣೆದು, ತೊಳೆದು ಒಣಗಿಸಿದ ಮೇಲೆ ಎಣಿಸಿ. 10 ಸೆಂ.ಮೀ.ಗೆ ಅಡ್ಡಕ್ಕೆ 30 ಕುಣಿಕೆ, ಎತ್ತರಕ್ಕೆ 40 ಸಾಲು ಬಂದವೆಂದು ಇಟ್ಟುಕೊಳ್ಳೋಣ. ಪಾದದ ಸುತ್ತಳತೆ 22 ಸೆಂ.ಮೀ. ಇದ್ದರೆ ಅದರಲ್ಲಿ ಹತ್ತರಲ್ಲೊಂದು ಪಾಲು ಕಳೆದು 20 ಸೆಂ.ಮೀ. ಹಿಡಿಯಬೇಕು, ಅಂದರೆ 60 ಕುಣಿಕೆ. ಈ ಪಾಲನ್ನು ಕಳೆಯದಿದ್ದರೆ ಚೀಲ ಪಾದಕ್ಕೆ ಅಂಟಿ ನಿಲ್ಲದೆ ಸುಕ್ಕುಗಟ್ಟುತ್ತದೆ.

ಹೆಣಿಗೆ ಆರಂಭವಾಗುವುದು ಬೆರಳ ತುದಿಯಿಂದ. ಅಮೆರಿಕದ ಹೆಣಿಗೆಗಾರ್ತಿ ಜೂಡಿ ಬೆಕರ್ 2006ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ನೂಲನ್ನು ಎರಡು ಕಡ್ಡಿಗಳಿಗೆ ಒಂದಾದ ಮೇಲೊಂದರಂತೆ ಸುತ್ತುತ್ತ ಎರಡರಲ್ಲೂ 12 ಕುಣಿಕೆ ಏರಿಸುತ್ತೇವೆ. ತುದಿಯಲ್ಲಿ ಹೊಲಿಗೆಯ ಗಂಟೇ ಉಳಿಯುವುದಿಲ್ಲ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುವ ಮಧುಮೇಹಿಗಳಿಗೆ ಹೆಣೆಯುವಾಗ ಈ ನುಣುಪು ತೀರಾ ಮುಖ್ಯ. ಈಗ ಅಚ್ಚನ್ನು ನೋಡಿ: ಹೆಬ್ಬೆರಳಿನ ಬದಿ ಬಹುಮಟ್ಟಿಗೆ ನೆಟ್ಟಗಿರುತ್ತದೆ, ಕಿರುಬೆರಳಿನ ಬದಿ ಓರೆಯಾಗಿ ಇಳಿಯುತ್ತದೆ. ಆದ್ದರಿಂದ ಎರಡೂ ಬದಿಗೆ ಸಮನಾಗಿ ಹೆಚ್ಚಿಸುವ ವಾಡಿಕೆಯನ್ನು ಬಿಟ್ಟು, ಹೆಬ್ಬೆರಳಿನ ಬದಿಯಲ್ಲಿ ಸುತ್ತು ಬಿಟ್ಟು ಸುತ್ತು ನಾಲ್ಕು ಬಾರಿ ಮಾತ್ರ, ಕಿರುಬೆರಳಿನ ಬದಿಯಲ್ಲಿ ಮೂರು ಸುತ್ತಿಗೆ ಎರಡರಂತೆ ಹದಿನಾಲ್ಕು ಬಾರಿ ಹೆಚ್ಚಿಸಬೇಕು. ಪ್ರತಿ ಸಲವೂ ಮೇಲ್ಭಾಗದಲ್ಲೊಂದು, ಅಂಗಾಲಿನಲ್ಲೊಂದು ಕುಣಿಕೆ. ಹೀಗೆ 24 ಕುಣಿಕೆ 60 ಆಗುತ್ತದೆ. ಇನ್ನೊಂದು ಪಾದಕ್ಕೆ ಬದಿ ಅದಲುಬದಲು. ಆರಂಭದ ಕೆಲವು ಸುತ್ತುಗಳಾದೊಡನೆ ಅಚ್ಚನ್ನು ಒಳಗೆ ತೂರಿಸಿ. ಬಟ್ಟೆ ಎಲ್ಲಿ ಬಿಗಿಯಾಯಿತೋ ಅಲ್ಲಿ ಬೇಗ, ಎಲ್ಲಿ ಸಡಿಲವೋ ಅಲ್ಲಿ ತಡವಾಗಿ ಹೆಚ್ಚಿಸಿ. ಲೆಕ್ಕಕ್ಕಿಂತ ಅಚ್ಚಿನ ಮಾತನ್ನೇ ನಂಬಬೇಕು.

ಆಮೇಲೆ ಹಿಮ್ಮಡಿಯ ಚಿಂತೆಯಿಲ್ಲದೆ ನೇರ ಹೆಣಿಗೆಯ ಕೊಳವೆಯನ್ನೇ ಕಾಲಿನವರೆಗೆ ಹೆಣೆಯುತ್ತ ಹೋಗಬಹುದು. ಕೊನೆಯ 4 ಸೆಂ.ಮೀ. ಎರಡು ನೇರ, ಎರಡು ಉಲ್ಟಾ ಹಾಕಿ ಸಡಿಲವಾಗಿ ಮುಗಿಸಿ.

ಕೊಳವೆಯನ್ನು ಕತ್ತರಿಸಿ ಹಿಮ್ಮಡಿ ಕೂರಿಸುವ ಈ ಉಪಾಯವನ್ನು ಹೆಣಿಗೆಯ ಬಗ್ಗೆ ಪುಸ್ತಕಗಳನ್ನು ಬರೆದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಅವರು ಜನಪ್ರಿಯಗೊಳಿಸಿದರು. ಕತ್ತರಿಯ ಜಾಗ ಹೀಗೆ ಗೊತ್ತಾಗುತ್ತದೆ. ಪಾದದ ಉದ್ದ 24 ಸೆಂ.ಮೀ. ಇದ್ದರೆ ಚೀಲದ ಉದ್ದ 23 ಹಿಡಿಯಿರಿ. ಹಿಮ್ಮಡಿಗೆ 20 ಸುತ್ತು, ಅಂದರೆ 5 ಸೆಂ.ಮೀ.; ಬೆರಳ ತುದಿಯಿಂದ ಅಳೆದು ಉಳಿದ 18 ಸೆಂ.ಮೀ.ಗೆ ಅಂಗಾಲಿನ ಬದಿಯಲ್ಲಿ ಗುರುತು ಹಾಕಿ. ಆ ಸಾಲಿನ ಕೆಳಗಿನ ಸಾಲಿನ 30 ಕುಣಿಕೆಗಳನ್ನು ಒಂದು ಕಡ್ಡಿಗೆ, ಮೇಲಿನ ಸಾಲಿನ 30ನ್ನು ಇನ್ನೊಂದಕ್ಕೆ ಎತ್ತಿಕೊಂಡ ಮೇಲಷ್ಟೇ ನಡುವಿನ ಸಾಲಿನ ಒಂದೇ ಒಂದು ಎಳೆಯನ್ನು ಮಧ್ಯದಲ್ಲಿ ಕತ್ತರಿಸಿ, ಎರಡೂ ಕಡೆಗೆ ಬಿಡಿಸಬೇಕು. ಮೊದಲ ಸಲ ನಾನು ಕಡ್ಡಿಗೆ ಎತ್ತಿಕೊಳ್ಳದೆ ಕತ್ತರಿ ಹಾಕಿದ್ದರಿಂದ ಕುಣಿಕೆಗಳು ಮೂರು ಸಾಲು ಕೆಳಗೆ ಓಡಿದವು. ಅವನ್ನು ಕ್ರೋಶಾ ಕಡ್ಡಿಯಿಂದ ಒಂದೊಂದಾಗಿ ಮೇಲಕ್ಕೆ ತರಲು ಒಂದು ಇಡೀ ಸಂಜೆ ಹಿಡಿಯಿತು.

ಎರಡೂ ಮೂಲೆಗಳಲ್ಲಿ ತೂತು ಬೀಳದಂತೆ ಎರಡೆರಡು ಕುಣಿಕೆ ಸೇರಿಸಿದರೆ 64 ಆಗುತ್ತದೆ. ಸುತ್ತು ಬಿಟ್ಟು ಸುತ್ತು, ಪ್ರತಿ ಮೂಲೆಯ ಎರಡೂ ಪಕ್ಕದಲ್ಲಿ ಒಂದೊಂದರಂತೆ ನಾಲ್ಕು ಕುಣಿಕೆ ಕಡಿಮೆ ಮಾಡುತ್ತ ಬಂದರೆ ಹತ್ತನೆಯ ಸಲಕ್ಕೆ 24 ಉಳಿಯುತ್ತದೆ. ಆಗ 12ಕ್ಕೆ 12 ಎದುರಿಟ್ಟು ದಪ್ಪ ಸೂಜಿಯಿಂದ ಹೆಣಿಗೆಯ ಸಾಲಿನಂತೆಯೇ ಕಾಣುವ ಕಿಚನರ್ ಹೊಲಿಗೆ ಹಾಕಿ. ಪಾದದ ಮೇಲ್ಭಾಗ ಎತ್ತರವಾಗಿರುವವರಿಗೆ ಈ ಹಿಮ್ಮಡಿ ಬಿಗಿಯಾಗುವುದುಂಟು. ಅಂಥವರಿಗೆ 30ರ ಬದಲು 36 ಕುಣಿಕೆಗಳ ಅಗಲಕ್ಕೆ ಕತ್ತರಿಸಬೇಕು. ಆಗ ಕಡಿಮೆ ಮಾಡುವುದು ಹದಿಮೂರು ಬಾರಿ, ಹಿಮ್ಮಡಿಯ ಆಳ 6.5 ಸೆಂ.ಮೀ., ಕತ್ತರಿಯ ಗುರುತು 16.5 ಸೆಂ.ಮೀ.ಗೆ.

ನುಣುಪು ನೆಲದ ಮೇಲೆ ಕಾಲುಚೀಲ ಜಾರುತ್ತದೆ, ಆದ್ದರಿಂದ ಹಿರಿಯರಿಗೆ ಕೊಡುವಾಗ ಅಂಗಾಲಿಗೆ ತೆಳುವಾದ ಚರ್ಮದ ತುಂಡುಗಳನ್ನು ಹೊಲಿದು ಕೊಡಿ. ಮಳೆಗಾಲದಲ್ಲಿ ತೊಳೆದ ಚೀಲವನ್ನು ಬೇಗ ಒಣಗಿಸಲೆಂದು ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಅಚ್ಚಿಗೇ ಏರಿಸಿ ಗಾಳಿಗಿಡಿ. ಮೊದಲು ಸವೆಯುವುದು ಹಿಮ್ಮಡಿಯೇ. ಆಗ ಹಳೆಯ ಹಿಮ್ಮಡಿಯಷ್ಟನ್ನೇ ಬಿಚ್ಚಿ ಅದೇ 64 ಕುಣಿಕೆಗಳನ್ನು ಎತ್ತಿಕೊಂಡು ಹೊಸದನ್ನು ಹೆಣೆಯಬಹುದು. ಅದಕ್ಕೆಂದೇ ಉಳಿದ ನೂಲನ್ನು ಅಚ್ಚಿಗೆ ಸುತ್ತಿ ಎತ್ತಿಡಿ.