ಎಂಚಿಲಾಡ: ಟೆಕ್ಸಾಸಿನ ಬಗೆ, ಮೆಕ್ಸಿಕೊದ ಬಗೆ

ಗೋಧಿಯ ಟೊರ್ಟಿಯಾ (ಮೆಕ್ಸಿಕೊದ ತೆಳು ರೊಟ್ಟಿ) ಇದ್ದರೆ ಟೆಕ್ಸ್-ಮೆಕ್ಸ್, ಅಂದರೆ ಟೆಕ್ಸಾಸಿನಲ್ಲಿ ಬೆಳೆದ ಮೆಕ್ಸಿಕನ್ ಬಗೆಯ ಅಡುಗೆ; ಮೆಕ್ಕೆಜೋಳದ್ದಾದರೆ ಮೆಕ್ಸಿಕೊದ್ದು ಎಂಬ ಲೆಕ್ಕ ನಿಲ್ಲುವುದಿಲ್ಲ. ಉತ್ತರ ಮೆಕ್ಸಿಕೊದ ಸೊನೋರಾದಲ್ಲಿ ಗೋಧಿಯದ್ದೇ ದಿನದ ಊಟ. ನಿಜವಾದ ಅಂತರ ಸಾಸ್‌ನಲ್ಲಿದೆ. ಎಂಚಿಲಾಡವನ್ನು, ಅಂದರೆ ಹೂರಣ ತುಂಬಿ ಸುತ್ತಿದ, ಮೆಣಸಿನಕಾಯಿ ಸಾಸ್ ಹಾಕಿದ ಟೊರ್ಟಿಯಾವನ್ನು, ಎರಡೂ ಬಗೆಯಲ್ಲಿ ಮಾಡಿದರೆ ಅದು ನಾಲಿಗೆಗೇ ತಿಳಿಯುತ್ತದೆ.

ಎರಡಕ್ಕೂ 10–12 ಮೆಕ್ಕೆಜೋಳದ ಟೊರ್ಟಿಯಾ ಬೇಕು. ಸುಣ್ಣದ ನೀರಲ್ಲಿ ಬೇಯಿಸಿದ ಕಾಳಿನ ಹಿಟ್ಟು, ಅಂದರೆ ಮಾಸಾ ಹರೀನಾ, ಬಳಸಿ. ಅಂಗಡಿಯ ಮಾಮೂಲಿ ಮೆಕ್ಕೆಜೋಳದ ಹಿಟ್ಟಿಗೆ ಅಂಟು ಬರುವುದಿಲ್ಲ, ಸುತ್ತುವಾಗ ಒಡೆಯುತ್ತದೆ.

ಟೆಕ್ಸಾಸಿನ ಸಾಸ್ ನಿಲ್ಲುವುದು ಮೈದಾ ಮತ್ತು ಜೀರಿಗೆಯ ಮೇಲೆ. ಕಾಲು ಕಪ್ ಎಣ್ಣೆಯಲ್ಲಿ ಕಾಲು ಕಪ್ ಮೈದಾ ಹಾಕಿ, ಸಣ್ಣ ಉರಿಯಲ್ಲಿ 3–4 ನಿಮಿಷ ತಿಳಿಗಂದು ಬರುವವರೆಗೆ ಹುರಿಯಿರಿ. ಆಮೇಲೆ 2 ದೊಡ್ಡ ಚಮಚ 'ಚಿಲಿ ಪೌಡರ್', ಒಂದೂವರೆ ಚಹಾ ಚಮಚ ಜೀರಿಗೆ ಪುಡಿ, ಒಂದು ಚಹಾ ಚಮಚ ಬೆಳ್ಳುಳ್ಳಿ ಪುಡಿ ಹಾಕಿ ಅರ್ಧ ನಿಮಿಷ ಕೈಯಾಡಿಸಿ; ಹೆಚ್ಚಾದರೆ ಕಹಿ. ಎರಡು ಕಪ್ ಸ್ಟಾಕ್ (ತರಕಾರಿ ಅಥವಾ ಕೋಳಿ ಬೇಯಿಸಿ ಸೋಸಿದ ನೀರು) ಸ್ವಲ್ಪ ಸ್ವಲ್ಪವೇ ಬೆರೆಸಿ, ಉಪ್ಪು ಹಾಕಿ, 15 ನಿಮಿಷ ಕುದಿಸಿ. ಒಮ್ಮೆಲೇ ಸುರಿದರೆ ಗಂಟು ಖಚಿತ.

ಇಲ್ಲೊಂದು ಅಪಾಯ. ಆ 'ಚಿಲಿ ಪೌಡರ್' ನಮ್ಮ ಅಚ್ಚಖಾರದ ಪುಡಿಯಲ್ಲ. ಮೆಣಸಿನಕಾಯಿ, ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಸೇರಿದ ಮಸಾಲೆ. ಜರ್ಮನ್ ವಲಸಿಗ ವಿಲಿಯಂ ಗೆಬ್‌ಹಾರ್ಟ್ 1890ರ ದಶಕದಲ್ಲಿ ಟೆಕ್ಸಾಸಿನಲ್ಲಿ ಇಂಥದ್ದನ್ನು ಮಾರತೊಡಗಿದ. ಅದು ಸಿಗದಿದ್ದರೆ ಒಂದು ದೊಡ್ಡ ಚಮಚ ಬ್ಯಾಡಗಿ ಪುಡಿ, ಅರ್ಧ ಚಹಾ ಚಮಚ ಒರೆಗಾನೊ ಸಾಕು.

ಟೊರ್ಟಿಯಾವನ್ನು ಬಿಸಿ ಎಣ್ಣೆಯಲ್ಲಿ ಕೆಲವೇ ಸೆಕೆಂಡು ಅದ್ದಿ, ಚೆಡಾರ್ ಚೀಸ್, ಈರುಳ್ಳಿ ತುಂಬಿ ಸುತ್ತಿ, ಮೇಲೆ ಸಾಸ್, ಚೀಸ್ ಹರಡಿ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಬೇಯಿಸಿ.

ಮೆಕ್ಸಿಕೊದ ಕೆಂಪು ಎಂಚಿಲಾಡಕ್ಕೆ ಮೈದಾ ಇಲ್ಲ, ಜೀರಿಗೆ ಇದ್ದರೂ ಒಂದು ಚಿಟಿಕೆ. ಸಾಸ್‌ಗೆ ಗಟ್ಟಿತನ ಕೊಡುವುದೇ ಮೆಣಸಿನಕಾಯಿ. 6 ಗ್ವಾಹೀಯೊ, 2 ಆಂಚೊ ಒಣಮೆಣಸಿನಕಾಯಿಗಳ ಬೀಜ ತೆಗೆದು, ಕಾವಲಿಯಲ್ಲಿ ಮಗ್ಗುಲಿಗೆ 15–20 ಸೆಕೆಂಡು ಬಿಸಿ ಮಾಡಿ. ಕಪ್ಪಾದದ್ದನ್ನು ಎಸೆಯಿರಿ, ಒಂದೇ ಕಾಯಿ ಇಡೀ ಸಾಸನ್ನು ಕೆಡಿಸುತ್ತದೆ. ಬಿಸಿನೀರಲ್ಲಿ 20 ನಿಮಿಷ ನೆನೆಸಿ, 2 ಎಸಳು ಬೆಳ್ಳುಳ್ಳಿ, ಕಾಲು ಈರುಳ್ಳಿ, ಒಂದೂವರೆ ಕಪ್ ನೀರಿನ ಜೊತೆ ರುಬ್ಬಿ ಸೋಸಿ. ಗ್ವಾಹೀಯೊ ಸಿಪ್ಪೆ ಮಿಕ್ಸಿಗೂ ಬಗ್ಗುವುದಿಲ್ಲ, ಸೋಸದಿದ್ದರೆ ಗಂಟಲಿಗೆ ಸಿಗುತ್ತದೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ 5–6 ನಿಮಿಷ, ಬಣ್ಣ ಗಾಢವಾಗುವವರೆಗೆ ಹುರಿದು ಉಪ್ಪು ಹಾಕಿ. ಗ್ವಾಹೀಯೊ, ಆಂಚೊ ಇಲ್ಲದಿದ್ದರೆ 30 ಗ್ರಾಂ ಬ್ಯಾಡಗಿ ನಡೆಯುತ್ತದೆ. ಬಣ್ಣ ಬರುತ್ತದೆ, ಆಂಚೊದ ಒಣದ್ರಾಕ್ಷಿಯಂಥ ಸಿಹಿ ಬರುವುದಿಲ್ಲ.

ಟೊರ್ಟಿಯಾವನ್ನು ಸಾಸ್‌ನಲ್ಲಿ ಅದ್ದಿ, ಆಮೇಲೆ ಎಣ್ಣೆಯಲ್ಲಿ ಎರಡೂ ಬದಿ ತುಸು ಹುರಿಯಿರಿ. ಸಿಡಿಯುತ್ತದೆ, ಜೋಪಾನ. ಒಳಗೂ ಮೇಲೂ ಕೆಸೊ ಫ್ರೆಸ್ಕೊ, ಅಂದರೆ ಬಿಸಿಗೆ ಕರಗದ ಮೆಕ್ಸಿಕೊದ ತಾಜಾ ಚೀಸ್. ಬದಲಿಗೆ ಉಪ್ಪು ಬೆರೆಸಿ ಪುಡಿ ಮಾಡಿದ ಪನೀರ್ ಆದೀತು. ಇದಕ್ಕೆ ಓವನ್ ಬೇಡ. ತಟ್ಟೆಗೆ ಹಾಕಿದ ಕೂಡಲೇ ತಿನ್ನಬೇಕು, ಹತ್ತು ನಿಮಿಷ ಕಾದರೆ ಟೊರ್ಟಿಯಾ ಮುದ್ದೆಯಾಗುತ್ತದೆ.