ಪೆನ್‌ಡ್ರೈವ್‌ನಲ್ಲಿ ಕೆಟ್ಟ ವರ್ಡ್ ಫೈಲ್: ಮೊದಲು ಪ್ರತಿ, ಆಮೇಲೆ ರಿಪೇರಿ

ಹೊಸನಗರ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ನಿಂದಲೇ ಫೈಲ್ ತೆರೆದು ತಿದ್ದುವುದು ಅಪಾಯ. ವರ್ಡ್ ತನ್ನ ತಾತ್ಕಾಲಿಕ ಫೈಲುಗಳನ್ನೂ ಅದೇ ಫೋಲ್ಡರಿಗೆ ಬರೆಯುತ್ತದೆ. ಸೇವ್ ನಡುವೆ ಕರೆಂಟ್ ಹೋದರೆ ಅಥವಾ ಡ್ರೈವ್ ಕಿತ್ತರೆ ಅರ್ಧಂಬರ್ಧ ಫೈಲ್ ಉಳಿಯುತ್ತದೆ. ಡೆಸ್ಕ್‌ಟಾಪಿಗೆ ಕಾಪಿ ಮಾಡಿ ಅಲ್ಲಿ ತಿದ್ದಿ, ವರ್ಡ್ ಮುಚ್ಚಿದ ಮೇಲೆ ಬೇರೆ ಹೆಸರಿನಲ್ಲಿ ವಾಪಸು ಹಾಕಿ, ಇಜೆಕ್ಟ್ ಕೊಟ್ಟು ತೆಗೆಯಿರಿ. ಯಾರದೋ ಫೈಲ್ ‘ಎನೇಬಲ್ ಕಂಟೆಂಟ್’ ಒತ್ತಿ ಎಂದರೆ ಒತ್ತಬೇಡಿ, ಮ್ಯಾಕ್ರೋ (ಫೈಲಿನೊಳಗಿನ ಪುಟ್ಟ ಪ್ರೋಗ್ರಾಂ) ಮೂಲಕ ವೈರಸ್ ಬರುವ ಬಾಗಿಲೇ ಅದು.

ನೆನೆದ ಪೆನ್‌ಡ್ರೈವನ್ನು ‘ನಡೀತದಾ ನೋಡೋಣ’ ಎಂದು ಸಿಕ್ಕಿಸಬೇಡಿ. ನೀರಿದ್ದಾಗ ವಿದ್ಯುತ್ ಹರಿದರೆ ಶಾರ್ಟ್ ಆಗುತ್ತದೆ. ಫ್ಯಾನಿನ ಕೆಳಗೆ ಎರಡು ದಿನ ಒಣಗಲಿ. ಬಚ್ಚಲೊಲೆಯ ಹತ್ತಿರ ಮಾತ್ರ ಬೇಡ.

‘ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್. ಆ ಡ್ರೈವಿಗೆ ಇನ್ನೇನನ್ನೂ ಬರೆಯಬೇಡಿ. ವಿಂಡೋಸ್‌ನ ಡಿಸ್ಕ್ ತಪಾಸಣೆಯ ಸಾಧನ ಚೆಕ್‌ಡಿಸ್ಕ್ ಕೂಡ ರಿಪೇರಿ ಮಾಡುವಾಗ ಡ್ರೈವಿನ ಮೇಲೆಯೇ ಬರೆಯುತ್ತದೆ, ಆದ್ದರಿಂದ ಅದು ಕೊನೆಗೆ. ಮೊದಲು ಕಳೆದ ಫೈಲುಗಳನ್ನು ಹುಡುಕಿಕೊಡುವ ಉಚಿತ ತಂತ್ರಾಂಶ ಫೋಟೋರೆಕ್ ಓಡಿಸಿ, ಸಿಕ್ಕ ಫೈಲುಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿ. ಹಳೆಯ ಹೆಸರುಗಳು ಉಳಿಯುವುದಿಲ್ಲ, ಒಂದೊಂದಾಗಿ ತೆರೆದು ನೋಡುವ ತಾಳ್ಮೆ ಬೇಕು. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಅದು ವೈರಸ್: ಶಾರ್ಟ್‌ಕಟ್ ಒತ್ತದೆ ಸ್ಕ್ಯಾನ್ ಮಾಡಿ, ಅಡಗಿಸಿದ ಫೈಲುಗಳನ್ನೂ ಸಿಸ್ಟಮ್ ಫೈಲುಗಳನ್ನೂ ತೋರಿಸುವಂತೆ ಹೊಂದಿಸಿ. ನಿಮ್ಮವು ಸಾಮಾನ್ಯವಾಗಿ ಅಲ್ಲೇ ಇರುತ್ತವೆ.

ಡ್ರೈವ್ ಸರಿಯಿದ್ದು ಫೈಲ್ ಮಾತ್ರ ತೆರೆಯದಿದ್ದರೆ, ಅದರ ಪ್ರತಿಯ ಮೇಲೆ ಕೆಲಸ ಮಾಡಿ. ವರ್ಡ್‌ನ ಓಪನ್ ಕಿಟಕಿಯಲ್ಲಿ ಫೈಲ್ ಆರಿಸಿ, ಓಪನ್ ಗುಂಡಿಯ ಪಕ್ಕದ ಬಾಣ ಒತ್ತಿದರೆ ‘ಓಪನ್ ಆಂಡ್ ರಿಪೇರ್’ ಇದೆ. ಆಗದಿದ್ದರೆ ವರ್ಡ್ ಫೈಲುಗಳನ್ನೂ ತೆರೆಯುವ ಉಚಿತ ತಂತ್ರಾಂಶ ಲಿಬ್ರೆಆಫೀಸ್, ವರ್ಡ್ ಕೈಬಿಟ್ಟದ್ದನ್ನು ಅದು ತೆರೆದುಬಿಡುವುದುಂಟು. ಅದೂ ಸೋತರೆ, ಡಾಕ್ಸ್ (.docx) ಫೈಲ್ ಒಳಗಿನಿಂದ ಜಿಪ್ ಪೊಟ್ಟಣವೇ: ಹೆಸರಿನ ಕೊನೆಯ ಎಕ್ಸ್‌ಟೆನ್ಶನ್ ಜಿಪ್ (.zip) ಎಂದು ಬದಲಿಸಿ ಬಿಚ್ಚಿ. ‘ವರ್ಡ್’ ಫೋಲ್ಡರಿನ ‘ಡಾಕ್ಯುಮೆಂಟ್’ ಎಕ್ಸ್‌ಎಂಎಲ್‌ನಲ್ಲಿ ಬರಹ, ‘ಮೀಡಿಯಾ’ದಲ್ಲಿ ಚಿತ್ರಗಳು. ಹಳೆಯ ಡಾಕ್ (.doc) ಫೈಲಿಗೆ ಈ ಉಪಾಯ ನಡೆಯದು. ಓಪನ್ ಕಿಟಕಿಯ ಫೈಲ್ ಬಗೆಗಳಲ್ಲಿ ‘ರಿಕವರ್ ಟೆಕ್ಸ್ಟ್ ಫ್ರಮ್ ಎನಿ ಫೈಲ್’ ಆರಿಸಿ.

ಫೈಲ್ ತೆರೆದು, ಕನ್ನಡದ ಬದಲು ತಲೆಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ? ಬಹುತೇಕ ಅದು ಕೆಟ್ಟಿಲ್ಲ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಬರಹ, ಈ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ರಿಪೇರಿಗೆ ಕೈಹಾಕದೆ ನುಡಿ ಹಾಕಿಕೊಳ್ಳಿ. ಮೇಲಿನಂತೆ ಹೊರತೆಗೆದ ನುಡಿ ಬರಹವೂ ಫಾಂಟ್ ಕಳೆದುಕೊಂಡು ಹೀಗೇ ಕಾಣುತ್ತದೆ: ಎಲ್ಲ ಆರಿಸಿ ‘ನುಡಿ 01 ಇ’ ಕೊಟ್ಟರೆ ಕನ್ನಡ ಮರಳುತ್ತದೆ. ನಡುವೆ ಇಂಗ್ಲಿಷಿನಲ್ಲಿದ್ದ ಹೆಸರು, ಇಮೇಲ್ ವಿಳಾಸಗಳು ಆಗ ಗೋಜಲಾಗುತ್ತವೆ. ಅವಷ್ಟನ್ನೇ ಆರಿಸಿ ಏರಿಯಲ್‌ಗೆ ಬದಲಿಸಿ.